ದೇವರ ಟಗರಿನ ಕಿವಿ

ಸುಧಾರಾಣಿ ಬಾಗಲಕೋಟೆಯಲ್ಲಿ ಕೋಳಿಮೊಟ್ಟೆ ಕಾಯುವ ಕೆಲಸ ಮಾಡುತ್ತಾಳೆ ಎಂದು ಕುಳಗೇರಿ ಕ್ರಾಸಿನ ಚಹಾದಂಗಡಿಯಲ್ಲಿ ಮಾತಿತ್ತು. ಮಾತು ಪೂರ್ತಿ ಸುಳ್ಳೇನಲ್ಲ. ನವನಗರದ ಒಂದು ಪ್ರಯೋಗಾಲಯದಲ್ಲಿ ಅವಳು ದಿನವಿಡೀ ಮೊಟ್ಟೆಗಳ ಮುಂದೆ ಕೂತು, ಒಳಗಿನ ಮರಿಗೆ ಕಿವಿ ಹೇಗೆ ಮೂಡುತ್ತದೆ, ಯಾವ ಜೀನ್ ಯಾವ ಹೊತ್ತಿಗೆ ಎಚ್ಚರಗೊಂಡು ಯಾವ ಜೀವಕೋಶಕ್ಕೆ ಯಾವ ಕೆಲಸ ಹಚ್ಚುತ್ತದೆ ಎಂದು ನೋಡುತ್ತಿದ್ದಳು. ಪಿಎಚ್‌.ಡಿ. ಮಾಡುತ್ತಿದ್ದೇನೆ ಎಂದು ಅವಳು ಹೇಳಿದರೆ ಕೇಳುವ ವ್ಯವಧಾನ ಯಾರಿಗಿದೆ?

"ಕೋಳಿಗೆ ಕಿವಿ ಎಲ್ಲೈತ್ಲೇ?" ಎಂದು ಒಬ್ಬ ಕೇಳುವನು.

"ಎಲ್ಲೈತಿ ಅಂತ ಹುಡಕಾಕನ ಪಗಾರ ಕೊಡತಾರ ನೋಡು ಆಕಿಗೆ," ಎಂದು ಇನ್ನೊಬ್ಬ ಬೀಡಿ ಹಚ್ಚುವನು. ಅಂಗಡಿಗೆ ಅಂಗಡಿಯೇ ನಗುತ್ತಿತ್ತು.

ನಗದೆ ಇರುತ್ತಿದ್ದವನು ಅವಳಪ್ಪ ಅಮಸಿದ್ದಪ್ಪ ಒಬ್ಬನೇ. ಅವನೆದುರು ನಗುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನಿ. ಆ ಊರಿನ ಬೀರಪ್ಪ ದೇವರ ಒಕ್ಕಲಿನವರ ಕುರಿಗಳೆಲ್ಲ ಒಂದೇ ಹಿಂಡಾಗಿ ಮೇಯುತ್ತಿದ್ದವು. ಹಿಂಡಿನ ಮುಂದೆ ನಡೆಯುವವನ ಕೈಯಲ್ಲೊಂದು ಕೋಲು. ಹಿಂಡು ಎಲ್ಲಿ ಮೇಯಬೇಕು, ಯಾರ ಹೊಲದಲ್ಲಿ ತಂಗಬೇಕು, ಯಾವಾಗ ರಸ್ತೆ ದಾಟಬೇಕು, ಎಲ್ಲ ಆ ಕೋಲಿನವನ ಮಾತು. ಅಮಸಿದ್ದಪ್ಪ ಮೀಸೆ ಮೂಡಿದಾಗಿನಿಂದ ಆ ಕೋಲು ಹಿಡಿದವನು. ಅವನ ಕೂಗು ಅಂದರೆ ಕೂಗು! ಬಾದಾಮಿಯ ಕೆಂಪು ಗುಡ್ಡಕ್ಕೆ ಬಡಿದು ವಾಪಸು ಬರುವಷ್ಟು ಗಟ್ಟಿ. ಅದನ್ನು ಕೇಳಿದ್ದೇ ತಡ, ಹುಲ್ಲಿಗೆ ಬಾಯಿ ಹಾಕಿದ ಕುರಿ ಹುಲ್ಲು ಬಿಟ್ಟು ತಿರುಗುತ್ತಿತ್ತು. ಸುಧಾರಾಣಿ ತೊಟ್ಟಿಲಲ್ಲಿ ಅಳುವಾಗ ಅವ್ವನ ಜೋಗುಳಕ್ಕಿಂತ ಅಪ್ಪನ ಕೂಗಿಗೇ ಬೇಗ ಸುಮ್ಮನಾಗುತ್ತಿದ್ದಳಂತೆ.

ಇಂಥ ಅಮಸಿದ್ದಪ್ಪನ ಕೈಯಿಂದ ಕೋಲು ಕಸಿದುಕೊಳ್ಳುವ ಮಾತು ಬಂದದ್ದು ಒಂದು ಬಿಳಿ ಟಗರಿನಿಂದ.

ಅವರ ಕುರಿಗಳೆಲ್ಲ ಕಪ್ಪು. ಕೆಲವು ವರ್ಷಗಳ ಹಿಂದೆ ಅಮಸಿದ್ದಪ್ಪ ಅಮೀನಗಡದ ಕುರಿಸಂತೆಯಲ್ಲಿ ಹಾಲಿನಂಥ ಬಿಳಿ ಟಗರೊಂದನ್ನು ಕಂಡ. ಕಣ್ಣು ನೀಲಿ. ಸುತ್ತ ಬಸ್ಸು, ಟೆಂಪೋ, ದಲಾಲರ ಕಿರುಚಾಟ. ಟಗರು ಮಾತ್ರ ಋಷಿಯ ಹಾಗೆ ನಿಂತಿತ್ತು. ಮನಸ್ಸು ಅಲ್ಲೇ ಸೋತಿತು, ದೇವರಿಗೆ ಬಿಡಲೆಂದು ಕೊಂಡು ತಂದ. ದೇವರಿಗೆ ಟಗರು ಬಿಡುವ ಮುಂಚೆ ಅದರ ಹಿಂದೆ ನಿಂತು ಡೊಳ್ಳು ಬಾರಿಸುವುದು ಅವರ ಗುಡಿಯ ರೂಢಿ. ಬೆಚ್ಚಿದ ಟಗರು ದೇವರಿಗೆ ಒಲ್ಲದ್ದು. ಬೆಚ್ಚದ ಟಗರು ದೇವರು ಮೆಚ್ಚಿದ್ದು. ಒಳ್ಳೊಳ್ಳೆಯ ಟಗರುಗಳು ಮೊದಲ ಪೆಟ್ಟಿಗೇ ಹಗ್ಗ ಹರಿದುಕೊಂಡು ಓಡಿದ್ದುಂಟು. ಇದು ಬಾಲ ಕೂಡ ಅಲ್ಲಾಡಿಸಲಿಲ್ಲ. ಡೊಳ್ಳಿನವನ ಕೈ ಸೋತಿತೇ ಹೊರತು ಟಗರು ಸೋಲಲಿಲ್ಲ. ಪೂಜಾರಿ ಮುತ್ತಪ್ಪಜ್ಜ ಅದರ ನೆತ್ತಿಗೆ ಭಂಡಾರದ ಅರಿಶಿನ ಎರಚಿ, "ಇಂಥಾ ಟಗರು ನಮ್ಮ ಅಜ್ಜನ ಕಾಲದಾಗೂ ಸಿಕ್ಕಿದ್ದಿಲ್ಲ," ಎಂದಾಗ ಅಮಸಿದ್ದಪ್ಪನ ಎದೆ ಎರಡು ಗೇಣು ಉಬ್ಬಿತ್ತು.

ದೇವರ ಟಗರಿಗೆ ಕತ್ತಿ ತಾಗಿಸುವಂತಿಲ್ಲ, ಮಾರುವಂತಿಲ್ಲ, ಯಾವ ಕುರಿಯಿಂದಲೂ ಅದನ್ನು ತಡೆಯುವಂತಿಲ್ಲ. ಮೊದಲ ಸೂಲಿನಲ್ಲಿ ಹುಟ್ಟಿದ ಮರಿಗಳು ಕಪ್ಪೇ, ಆದರೆ ಹಣೆಯ ಮೇಲೊಂದು ಬಿಳಿ ಬೊಟ್ಟು. ದೇವರೇ ಬೊಟ್ಟಿಟ್ಟ ಎಂದು ಎಲ್ಲರಿಗೂ ಸಡಗರ. ಆ ಬೊಟ್ಟಿನ ಹೆಣ್ಣುಮರಿಗಳು ಬೆಳೆದು ಮತ್ತೆ ಅದೇ ಟಗರಿಗೆ ಕೂಡಿದಾಗ ಹುಟ್ಟಿದ್ದರಲ್ಲಿ ಕೆಲವು ಅಪ್ಪಟ ಬಿಳಿ, ನೀಲಿಗಣ್ಣು. ಆಗಂತೂ ಕೇಳುವುದೇ ಬೇಡ. ಈ ಬಿಳಿ ಮರಿಗಳು ಅಮಸಿದ್ದಪ್ಪನ ಕೂಗಿಗೆ ತಿರುಗುತ್ತಿರಲಿಲ್ಲ. ಹಿಂಡು ಹೋದತ್ತ ಹೋಗುವವು, ಅಂಚಿಗೆ ಬಿದ್ದರೆ ತಮ್ಮ ಪಾಡಿಗೆ ತಾವು. ಅವು ದೇವರ ಮಾತಷ್ಟೇ ಕೇಳುತ್ತವೆ, ಮನುಷ್ಯರದಲ್ಲ ಎಂದು ಜನ ಕೈ ಮುಗಿದರು.

ಆ ಕೈ ಮುಗಿಯುವಿಕೆ ಶ್ರಾವಣದವರೆಗೆ ನಡೆಯಿತು. ಶ್ರಾವಣದ ಒಂದು ಬೆಳಿಗ್ಗೆ ಸುಧಾರಾಣಿಗೆ ಅವ್ವ ಸಾವಂತ್ರವ್ವನ ಫೋನ್ ಬಂತು. ಅತ್ತೂ ಅತ್ತೂ ಅವಳ ದನಿ ಒಡೆದುಹೋಗಿತ್ತು.

"ಕ್ರಾಸಿನ್ಯಾಗ ಲಾರಿ ಬಡೀತು ಸುಧಾ. ಬಿಳಿ ಮರಿ ಸತ್ತುವು. ನಿಮ್ಮಪ್ಪ ಗಂಟಲ ಹರಕೊಂಡು ಕೂಗಿದ, ತಿರಗಲಿಲ್ಲ ನೋಡು. ಆ ಲಾರಿಯಾವ ಹಾರ್ನ್ ಒಂದಸಮ ಹೊಡದ, ಕರೀವು ಎಲ್ಲಾ ಹೊಳ್ಳಿ ಓಡಿದುವು. ಬಿಳೇವು ಹೊಳ್ಳಿಸುದ್ದಾ ನೋಡಲಿಲ್ಲ ನಮ್ಮವ್ವಾ."

ಸುಧಾರಾಣಿಗೆ ಮರಿಗಳಿಗಾಗಿ ಅಳು ಬಂತು, ಅಪ್ಪನಿಗಾಗಿ ಇನ್ನೂ ಹೆಚ್ಚು. ಆದರೆ ಅಳುವಿನ ನಡುವೆ ಒಂದು ಮಾತು ಮುಳ್ಳಿನಂತೆ ಸಿಕ್ಕಿಕೊಂಡಿತು. ಲಾರಿಯ ಹಾರ್ನ್ ದೇವರ ಮಾತೂ ಅಲ್ಲ, ಮನುಷ್ಯರ ಮಾತೂ ಅಲ್ಲ. ಅದಕ್ಕೇಕೆ ತಿರುಗಲಿಲ್ಲ?

ಊರಿನವರಿಗೆ ಈ ಪ್ರಶ್ನೆ ಹೊಳೆಯಲಿಲ್ಲ. ಅವರಿಗೆ ಉತ್ತರವೇ ಮೊದಲು ಹೊಳೆದುಬಿಟ್ಟಿತ್ತು: ಅಮಸಿದ್ದಪ್ಪನ ಕೂಗಿನಲ್ಲಿ ಈಗ ದೇವರಿಲ್ಲ. ಕೈ ಮುಗಿದವರೇ ಮೂಗು ಮುರಿದರು. ಅವನ ತಮ್ಮ ಮಹಾಂತೇಶ ಗುಡಿಕಟ್ಟೆಗೆ ಬಂದು ತಲೆ ತಗ್ಗಿಸಿಯೇ ಹೇಳಿದ: "ನನಗ ಕೋಲಿನ ಆಸೆ ಇಲ್ಲ. ಆದರ ಮರಿ ಸಾಯೂದ ನೋಡಾಕ ಆಗವಲ್ತು." ಮುತ್ತಪ್ಪಜ್ಜ ಗಡುವು ಕೊಟ್ಟ. ದೀಪಾವಳಿ ಪಾಡ್ಯದ ದಿನ, ಕುರಿಪೂಜೆ ಆದಮೇಲೆ, ಎಲ್ಲರೆದುರು ಅಮಸಿದ್ದಪ್ಪ ಕೂಗಬೇಕು. ದೇವರ ಟಗರು ತಿರುಗಿದರೆ ಕೋಲು ಅವನದು. ಇಲ್ಲದಿದ್ದರೆ ಮಹಾಂತೇಶನದು.

ಆ ವಾರ ಊರಿಗೆ ಬಂದ ಸುಧಾರಾಣಿಗೆ ಅಪ್ಪ ಗುರುತೇ ಸಿಗಲಿಲ್ಲ. ಕುರಿದಡ್ಡಿಯ ಕಟ್ಟೆಯ ಮೇಲೆ ಕುಳಿತು ಬಿಳಿ ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕಿವಿಯ ಹತ್ತಿರ ಮೆಲ್ಲಗೆ, ಬೇಡಿಕೊಳ್ಳುವವರ ಹಾಗೆ, ತನ್ನ ಕೂಗನ್ನು ಕೂಗುತ್ತಿದ್ದ. ಈ ಮನುಷ್ಯ ಹೀಗೆ ಯಾರನ್ನೂ ಬೇಡಿಕೊಂಡದ್ದಿಲ್ಲ.

ಅವಳು ಆ ಮರಿಯ ಬೆನ್ನ ಹಿಂದೆ ಹೋಗಿ ನಿಂತು ಹಿತ್ತಾಳೆಯ ತಾಟನ್ನು ನೆಲಕ್ಕೆ ಎಸೆದಳು. ಒಲೆಯ ಮುಂದಿದ್ದ ಸಾವಂತ್ರವ್ವ ಹೌಹಾರಿದಳು, ಕರಿ ಕುರಿಗಳು ಗೋಡೆಗೆ ಹೋಗಿ ಬಡಿದವು, ಅಮಸಿದ್ದಪ್ಪ ಬೈದ. ಮರಿ ಮಾತ್ರ ಅವನ ಅಂಗಿಯ ಗುಂಡಿಯನ್ನು ಚೀಪುತ್ತಲೇ ಇತ್ತು.

"ಯಪ್ಪಾ, ಈ ಮರಿ ನಾ ಬಾಗಲಕೋಟಿಗೆ ಒಯ್ತೇನಿ," ಎಂದಳು.

ಒಯ್ಯುವುದೇನು ಸುಲಭವಾಗಿತ್ತೇ! ಬಸ್ಸಿನ ಕಂಡಕ್ಟರ್ ಮರಿಗೂ ಟಿಕೆಟ್ ತೆಗೆಸಿದ, ತೆಗೆಸಿದ ಮೇಲೆ ಸೀಟು ಮಾತ್ರ ಕೊಡಲಿಲ್ಲ. ನವನಗರದಲ್ಲಿ ಚಿಕ್ಕ ಮಕ್ಕಳ ಕಿವಿ ಪರೀಕ್ಷೆ ಮಾಡುವ ಅನುರಾಧಾ ಎಂಬವರು ಸುಧಾರಾಣಿಗೆ ಪರಿಚಯ. "ಇಷ್ಟು ಕೂದಲಿರೋ ಪೇಷೆಂಟ್ ಇದೇ ಮೊದಲು," ಎಂದು ನಕ್ಕು, ಮರಿಯ ನೆತ್ತಿಯ ಉಣ್ಣೆ ಬೋಳಿಸಿ, ತಂತಿ ಅಂಟಿಸಿ, ಕಿವಿಗೆ ಸದ್ದು ಬಿಟ್ಟರು. ಸದ್ದು ಕೇಳಿದ ಮೆದುಳು ಪರದೆಯ ಮೇಲೆ ಅಲೆ ಎಬ್ಬಿಸುತ್ತದೆ. ಸದ್ದು ಏರುತ್ತ ಹೋಯಿತು, ಗೆರೆ ಮಾತ್ರ ಮಲಗಿದ್ದು ಏಳಲಿಲ್ಲ.

ಮರಿ ಕಿವುಡು. ಅಂದರೆ ಅಪ್ಪನ ಕೂಗಿಗೆ ಏನೂ ಆಗಿರಲಿಲ್ಲ! ಸುಧಾರಾಣಿ ಮರಿಯನ್ನು ಅವುಚಿಕೊಂಡು ಆ ಕೋಣೆಯಲ್ಲೇ ಅತ್ತುಬಿಟ್ಟಳು. ಕಿವುಡಿಗೆ ಇಷ್ಟು ಖುಷಿಪಟ್ಟವರನ್ನು ಅನುರಾಧಾ ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ.

ಆದರೆ 'ಕಿವುಡು' ಎಂದಷ್ಟೇ ಹೇಳಿದರೆ ಊರು ಒಪ್ಪೀತೇ? ದೇವರೇ ಕಿವುಡು ಮಾಡಿದ, ಅಮಸಿದ್ದಪ್ಪನ ಮೇಲಿನ ಸಿಟ್ಟಿಗೆ ಮಾಡಿದ ಎಂದು ನಾಳೆ ಅದಕ್ಕೂ ಕಥೆ ಕಟ್ಟುವ ಜನ. ಕಾರಣ ಬೇಕಿತ್ತು. ಸುಧಾರಾಣಿ ಮರಿಯನ್ನು ಊರಿಗೆ ಮರಳಿಸಿ, ಬಿಳಿ, ಕರಿ, ಬೊಟ್ಟಿನ ಕುರಿಗಳ ರಕ್ತ ತೆಗೆಸಿ, ಬರ್ಫದ ಡಬ್ಬಿಯಲ್ಲಿಟ್ಟು ತಂದಳು.

ಅವಳ ಅನುಮಾನ ಯಾವುದರ ಮೇಲೆ ಎಂದು ಹೇಳಬೇಕು. ಗರ್ಭದಲ್ಲಿ ಮರಿ ಮೂಡುವಾಗ ಬೆನ್ನಿನ ಕಡೆಯಿಂದ ಬಣ್ಣದ ಜೀವಕೋಶಗಳು ಮೈತುಂಬ ಹೊರಡುತ್ತವೆ. ಕೆಲವು ಉಣ್ಣೆಯ ಬುಡಕ್ಕೆ ಹೋಗಿ ಕಪ್ಪು ಕೊಡುತ್ತವೆ. ಕೆಲವು ಒಳಗಿವಿಯ ಶಂಖದಾಕಾರದ ಸುರುಳಿಯ ಗೋಡೆಗೆ ಹೋಗಿ ಕೂರುತ್ತವೆ. ಕತ್ತಲ ಕಿವಿಯಲ್ಲಿ ಬಣ್ಣಕ್ಕೇನು ಕೆಲಸ? ಬಣ್ಣ ಬಳಿಯುವುದಲ್ಲ, ಶಂಖದೊಳಗಿನ ನೀರನ್ನು ಹದದಲ್ಲಿಡುವುದು ಅವುಗಳ ಕೆಲಸ. ಹದ ತಪ್ಪಿದರೆ ಸದ್ದು ಹಿಡಿಯುವ ಸೂಕ್ಷ್ಮ ಕೋಶಗಳು ಹುಟ್ಟಿದ ಸ್ವಲ್ಪ ದಿನಕ್ಕೇ ಕಮರಿ ಹೋಗುತ್ತವೆ. ಈ ಬಣ್ಣದ ಕೋಶಗಳನ್ನೆಲ್ಲ ಎಬ್ಬಿಸಿ ಕಳಿಸುವುದು ಒಂದು ಜೀನ್. ಅದೇ ಕೆಟ್ಟಿರಬೇಕು ಎಂದು ಸುಧಾರಾಣಿ ಹಟಕ್ಕೆ ಬಿದ್ದು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿದಳು. ಫಲಿತಾಂಶ ಬಂತು. ಬಿಳಿ ಮರಿಯ ಜೀನಿಗೂ ಕರಿ ಮರಿಯ ಜೀನಿಗೂ ಒಂದಕ್ಷರದ ವ್ಯತ್ಯಾಸವಿಲ್ಲ.

ಅವಳ ಮುಖ ನೋಡಿ ಗೈಡ್ ರೋಹಿಣಿ ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಇಳಕಲ್ಲಿನ ಹೆಣ್ಣುಮಗಳು, ಮಾತಿನಲ್ಲಿ ಮುಲಾಜಿಲ್ಲ.

"ಮೂರ ವರ್ಷದಿಂದ ಕೋಳಿ ಮೊಟ್ಟ್ಯಾಗ ಏನ ನೋಡಾಕತ್ತೀಯ ನೀ? ಒಂದ ಜೀನು ಕಣ್ಣಿನ್ಯಾಗ ಯಾವಾಗ ಏಳಬೇಕು, ಕಿವ್ಯಾಗ ಯಾವಾಗ ಏಳಬೇಕು ಅನ್ನೂದನ್ನ. ಏಳಸೋ ಗುಂಡಿ, ಸ್ವಿಚ್ಚು, ಎಲ್ಲಿರತಾವ? ಜೀನಿನ ಒಳಗೋ, ಹೊರಗೋ?"

ಸುಧಾರಾಣಿ ನಾಲಿಗೆ ಕಚ್ಚಿಕೊಂಡಳು. ಮನೆಯ ಕುರಿ ಅಂದಕೂಡಲೇ ತಾನು ಓದಿದ್ದನ್ನೇ ಮರೆತಿದ್ದಳು. ಜೀನಿನ ಒಳಗಲ್ಲ, ಅದರ ಮುಂದೆ, ಯಾರೂ ತಿರುಗಿ ನೋಡದ ಜಾಗದಲ್ಲಿ ಹುಡುಕಿದಳು. ದಸರಾ ಮುಗಿಯುವ ಹೊತ್ತಿಗೆ ಸಿಕ್ಕಿತು. ಬಣ್ಣದ ಕೋಶದಲ್ಲಿ ಆ ಜೀನನ್ನು ಎಬ್ಬಿಸುವ ಗುಂಡಿಯ ತುಣುಕೇ ಬಿಳಿ ಮರಿಗಳಲ್ಲಿ ಹಾರಿಹೋಗಿತ್ತು. ಮರಿಗೆ ಅಪ್ಪನಿಂದ ಒಂದು ಗುಂಡಿ, ಅವ್ವನಿಂದ ಒಂದು ಗುಂಡಿ ಬರುತ್ತದೆ, ಎರಡೂ ಕಡೆ ಹಾರಿದ್ದರೆ ಮೈ ಬಿಳಿ, ಕಿವಿ ಕಿವುಡು. ಒಂದೇ ಕಡೆ ಹಾರಿದ್ದರೆ ಹಣೆಯ ಮೇಲೆ ಬೊಟ್ಟು, ಕಿವಿಗೇನೂ ಊನವಿಲ್ಲ. ಕಣ್ಣಿನ ಹಿಂಪರದೆಗೆ ಇದೇ ಜೀನ್ ಬೇಕು, ಆದರೆ ಅಲ್ಲಿ ಅದನ್ನು ಎಬ್ಬಿಸುವ ಗುಂಡಿಯೇ ಬೇರೆ, ಅದು ನೆಟ್ಟಗಿತ್ತು. ರೋಹಿಣಿ ಮೇಡಂ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಅವರು ಹೊಗಳುವುದು ಹಾಗೆಯೇ.

ಊರಿಗೆ ಓಡಿ ಬಂದು ಅಪ್ಪನೆದುರು ಕೂತಳು.

"ಯಪ್ಪಾ, ನಮ್ಮ ಬೋರಿನ ನೀರು ಮ್ಯಾಲಿನ ಹೊಲಕ್ಕೂ ಹೋಗತೈತಿ, ಕೆಳಗಿನ ಹೊಲಕ್ಕೂ ಹೋಗತೈತಿ. ಎರಡಕ್ಕೂ ಬ್ಯಾರೆ ಬ್ಯಾರೆ ವಾಲ್ವು. ಮ್ಯಾಲಿನ ವಾಲ್ವು ಜಂಗ ಹಿಡದ್ರ?"

"ಮ್ಯಾಲಿನ ಹೊಲ ಒಣಗತೈತಿ. ಬೋರ್ ಏನ ಮಾಡೀತು ಪಾಪ."

"ಇದೂ ಹಂಗ. ಈ ಮರಿಗೋಳಿಗೆ ನೀರು ಐತಿ. ಉಣ್ಣೆಗೆ, ಕಿವಿಗೆ ಹೋಗೂ ವಾಲ್ವು ಇಲ್ಲ. ಕಣ್ಣಿನ ವಾಲ್ವು ಛಲೋ ಐತಿ. ನಿನ್ನ ಕೂಗಿಗೆ ಏನೂ ಆಗಿಲ್ಲಪಾ. ಅವಕ್ಕ ಕೇಳಸೂದ ಇಲ್ಲ. ಆ ದೇವರ ಟಗರಿಗೂ ಕೇಳಸೂದಿಲ್ಲ."

ಅಪ್ಪ ಎದ್ದು ತಬ್ಬಿಕೊಳ್ಳುತ್ತಾನೆ ಎಂದುಕೊಂಡಿದ್ದಳು. ಅವನ ಮುಖ ಕಪ್ಪಿಟ್ಟಿತು.

"ಅಂದ್ರ ನಾ ದೇವರಿಗೆ ಕಿವುಡ ಟಗರು ಕೊಟ್ನಿ," ಎಂದ. ಕಂಬಳಿ ಹೆಗಲಿಗೇರಿಸಿ ಹೊರಗೆ ನಡೆದ. ಮರುದಿನ ಅವಳು ಬಸ್ ಹತ್ತುವಾಗಲೂ ಹಿಂಡು ಬಿಟ್ಟು ಬರಲಿಲ್ಲ.

ಎಂಥ ಹುಂಬತನ ಮಾಡಿದೆ ಎಂದು ಸುಧಾರಾಣಿ ತನ್ನನ್ನೇ ಬೈದುಕೊಂಡಳು. ಅಪ್ಪನ ಕೂಗು ಉಳಿಸಲು ಹೋಗಿ ಅಪ್ಪನ ಟಗರನ್ನು ಕೆಡವಿದ್ದಳು. ಅವ್ವನ ಫೋನುಗಳು ಇನ್ನಷ್ಟು ಹೆದರಿಸಿದವು. "ನಿಮ್ಮಪ್ಪಗ ಏನೋ ಆಗೈತಿ. ಹೊಲದಾಗ ಒಬ್ಬನ ನಿಂತು ಗಾಳ್ಯಾಗ ಕಂಬಳಿ ಝಾಡಸತಾನ. ನಾ ಹತ್ತರ ಹೋದ್ರ ನಿಂದರಸತಾನ."

ಪಾಡ್ಯದ ಬೆಳಗು ಬಂದೇ ಬಂತು. ಗುಡಿಯ ಮುಂದಿನ ಬಯಲಲ್ಲಿ ಕೊರಳಿಗೆ ಚೆಂಡುಹೂವು ಕಟ್ಟಿಸಿಕೊಂಡ ಹಿಂಡು ಮೇಯುತ್ತಿತ್ತು. ಪೂಜೆಯಾಯಿತು. ಎಲ್ಲರ ಹಣೆಯಲ್ಲೂ ಭಂಡಾರ. ಅಮಸಿದ್ದಪ್ಪ ಕೋಲನ್ನು ತಾನೇ ತಂದು ದೇವರ ಮುಂದೆ ಇಟ್ಟ.

"ಕೂಗು, ಅಮಸಿದ್ದಾ," ಎಂದ ಮುತ್ತಪ್ಪಜ್ಜ.

ಅವನು ಕೂಗಿದ. "ಹೊರ್ರ್ರ್ರಾ... ಬಾ ಬಾ ಬಾ!" ಗುಡ್ಡ ಅದನ್ನು ಮರಳಿಸಿತು. ಕರಿ ಕುರಿಗಳು ತಿರುಗಿದವು, ಬೊಟ್ಟಿನವೂ ತಿರುಗಿದವು. ದೇವರ ಟಗರು ಮತ್ತು ಉಳಿದ ಬಿಳಿ ಮರಿಗಳು ಬೆನ್ನು ಹಾಕಿ ಮೇಯುತ್ತಲೇ ಇದ್ದವು. ಜನರ ನಡುವೆ ಗುಸುಗುಸು ಎದ್ದಿತು. ಮಹಾಂತೇಶ ನೆಲ ನೋಡುತ್ತ ನಿಂತ.

ಸುಧಾರಾಣಿ ಮುಂದೆ ಬಂದಳು. "ಮುತ್ತಪ್ಪಜ್ಜಾ, ಆ ಟಗರಿನ ಹಿಂದ ನಿಂತು ಡೊಳ್ಳ ಬಾರಸಸ್ರಿ."

ಬಾರಿಸಿದರು. ಹಿಂಡು ಚದುರಿತು. ಬಿಳಿಯವು ಅಲ್ಲಾಡಲಿಲ್ಲ.

"ಅದ ನೋಡವಾ ದೇವರ ಗುರುತು!" ಎಂದ ಮುತ್ತಪ್ಪಜ್ಜ.

"ಅದು ಧೈರ್ಯ ಅಲ್ರಿ. ಅದಕ್ಕ ಡೊಳ್ಳು ಕೇಳಸೇ ಇಲ್ಲ. ಹುಟ್ಟಕಿವುಡ ಐತಿ. ಅದರ ರಕ್ತದಾಗ ಬಂದ ಬಿಳಿ ಮರೀನೂ ಕಿವುಡ ಅದಾವ. ನಾ ಪರೀಕ್ಷಾ ಮಾಡಿಸೇನಿ. ನಮ್ಮಪ್ಪನ ಕೂಗಿಂದೇನೂ ತಪ್ಪಿಲ್ಲ."

ಬಯಲು ಬೆಂಕಿಯಾಯಿತು. "ಕೋಳಿ ಕಿವಿ ಹುಡಕಾಕಿ ದೇವರ ಟಗರಿಗೆ ಕಿವುಡ ಅಂತಾಳ!" ಎಂದು ಯಾರೋ ಕೂಗಿದರು. ಮುತ್ತಪ್ಪಜ್ಜ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ ಅವಳ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ: "ಹಂಗಾದ್ರ ದೇವರ ತಪ್ಪ ಮಾಡ್ಯಾನಂತೀಯೇನ ತಂಗಿ?"

ಸುಧಾರಾಣಿ ಟಗರಿನ ಕಡೆ ನೋಡಿದಳು.

"ದೇವರ ಯಾಕ ತಪ್ಪ ಮಾಡ್ತಾನ?" ಎಂದ ದನಿ ಅವಳ ಹಿಂದಿನಿಂದ ಬಂತು. ಅಮಸಿದ್ದಪ್ಪ. "ಟಗರು ಆರಿಸಿದಾವ ನಾನು. ಡೊಳ್ಳ ಬಾರಿಸಿದಾವ್ರು ನಾವು. ಹೆದರಲಿಲ್ಲ ಅಂತ ತಿಳಕೊಂಡಾವ್ರೂ ನಾವ. ನನ್ನ ಮಗಳ ಹೇಳಿದ್ದು ಖರೆ ಐತಿ. ಕಿವಿ ವಾಲ್ವು ಇಲ್ಲ. ಆದರ ಕಣ್ಣಿನ ವಾಲ್ವು ಛಲೋ ಐತಿ ಅಂತನೂ ಆಕಿ ಹೇಳ್ಯಾಳ. ಅದನ್ನ ನೀವು ಕೇಳೇ ಇಲ್ಲ."

ಹೀಗೆಂದವನು ಬಯಲಿನ ಆಚೆ ಬದಿಗೆ, ಟಗರಿನ ಕಣ್ಣಳತೆಗೆ ಬರುವಂತೆ ನಡೆದು ಹೋಗಿ ನಿಂತ. ಬಾಯಿ ತೆರೆಯಲಿಲ್ಲ. ಹೆಗಲ ಮೇಲಿನ ಕರಿಯ ಕಂಬಳಿಯನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ ಒಮ್ಮೆ ಝಾಡಿಸಿದ.

ಟಗರು ತಲೆ ಎತ್ತಿತು.

ಇನ್ನೊಮ್ಮೆ ಝಾಡಿಸಿದ. ಟಗರು ಹುಲ್ಲು ಬಿಟ್ಟು ಓಡಿತು. ಅದರ ಹಿಂದೆ ಬಿಳಿ ಮರಿಗಳೆಲ್ಲ, ಕೊರಳಿನ ಚೆಂಡುಹೂವು ಉದುರಿಸುತ್ತ, ಜನರ ಕಾಲ ಸಂದಿನಲ್ಲಿ ನುಸುಳುತ್ತ, ನೇರ ಅಮಸಿದ್ದಪ್ಪನ ಹತ್ತಿರ ಬಂದು ಅವನ ಧೋತರದ ಚುಂಗಿಗೆ ಮೂಗು ಹಚ್ಚಿ ನಿಂತವು. ಅವನು ಚುಂಗು ಬಿಚ್ಚಿ ಒಂದೊಂದಕ್ಕೂ ಹಿಡಿ ಜೋಳ ತಿನ್ನಿಸಿದ. ದಸರೆಯಿಂದ ಇದನ್ನೇ ಕಲಿಸಿದ್ದನಂತೆ.

ಮೊದಲು ನಕ್ಕವನು ಮುತ್ತಪ್ಪಜ್ಜ. ಹಲ್ಲಿಲ್ಲದ ಬಾಯಿ ಅಗಲಿಸಿ, ತಟ್ಟೆಯ ಭಂಡಾರವನ್ನೆಲ್ಲ ಗಾಳಿಗೆ ಎರಚಿದ. ಮಹಾಂತೇಶ ಓಡಿಹೋಗಿ ಕೋಲನ್ನು ತಂದು ಅಣ್ಣನ ಕೈಗಿಟ್ಟು ಕಾಲು ಹಿಡಿದ. "ಕೂಗಿಗೂ ಬರತಾವ, ಕಂಬಳಿಗೂ ಬರತಾವ. ನಮಗ್ಯಾರಿಗೈತಣ್ಣಾ ಈ ವಿದ್ಯಾ?" ಡೊಳ್ಳಿನವರು ಯಾರೂ ಹೇಳದೆಯೇ ಬಾರಿಸತೊಡಗಿದರು. ಸುಧಾರಾಣಿ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಸಾವಂತ್ರವ್ವ ಮಾತ್ರ ಗಂಡನನ್ನು ಎಲ್ಲರೆದುರು ಬೈದಳು: "ಹುಚ್ಚ ಹಿಡದೈತಿ ಅಂತ ನಾ ಹರಕೀ ಹೊತ್ತೇನಲ್ಲೋ!"

ಆ ದಿನವೇ ಕಟ್ಟೆಯ ಮೇಲೆ ತೀರ್ಮಾನವಾಯಿತು. ದೇವರ ಟಗರು ದೇವರದೇ. ಇನ್ನು ಗುಡಿಯ ಅಂಗಳದಲ್ಲಿ ಹಾಯಾಗಿ ಮೇದುಕೊಂಡಿರಲಿ. ಬೊಟ್ಟಿನ ಕುರಿಗೆ ಬೊಟ್ಟಿಲ್ಲದ ಟಗರನ್ನೇ ಕೂಡಿಸಬೇಕು. ಮುತ್ತಪ್ಪಜ್ಜ ಕೊನೆಯಲ್ಲಿ ಒಂದು ಮಾತು ಸೇರಿಸಿದ: "ಇನ್ನ ಮುಂದ ಡೊಳ್ಳಿಗೆ ಬೆಚ್ಚಿದ ಟಗರನ್ನ ದೇವರಿಗೆ ಬಿಡೂದು. ನಮ್ಮ ಸಪ್ಪಳ ಕೇಳಸೂ ಟಗರ ಬೇಕಪಾ ದೇವರಿಗೆ." ಹೀಗೆ ತಲೆತಲಾಂತರದ ರೂಢಿ ಒಂದೇ ಮಧ್ಯಾಹ್ನದಲ್ಲಿ ತಿರುಗಿ ನಿಂತಿತು.

ಮರುದಿನ ಬೆಳಿಗ್ಗೆ ಸುಧಾರಾಣಿ ಬಾಗಲಕೋಟೆಯ ಬಸ್ಸಿಗಾಗಿ ಕ್ರಾಸಿನಲ್ಲಿ ನಿಂತಿದ್ದಾಗ ಹಿಂಡು ರಸ್ತೆಗೆ ಬಂತು. ಚಹಾದಂಗಡಿಯವರೆಲ್ಲ ಎದ್ದು ನಿಂತರು. ಬಿಳಿ ಮರಿಗಳು ಹಿಂಡಿನ ಅಂಚಿನಲ್ಲಿದ್ದವು. ದೂರದಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಅಮಸಿದ್ದಪ್ಪ ನಡುರಸ್ತೆಗೆ ಬಂದು, ಬಾಯಲ್ಲಿ ಕೂಗುತ್ತ, ಕೈಯಲ್ಲಿ ಕಂಬಳಿ ಎತ್ತಿದ. ಕರಿಯವು ಕೂಗಿಗೆ ತಿರುಗಿದವು, ಬಿಳಿಯವು ಕಂಬಳಿಗೆ ತಿರುಗಿದವು, ಇಡೀ ಹಿಂಡು ಒಂದೇ ಮೈಯಾಗಿ ಅವನ ಹಿಂದೆ ರಸ್ತೆ ದಾಟಿತು. ಲಾರಿಯವನು ಬ್ರೇಕ್ ಹಾಕಿ, ತಲೆ ಹೊರಗೆ ಚಾಚಿ ಬಾಯಿ ತೆರೆದು ನೋಡಿದ.

"ಯಾರ್ರೀ ಕಲಿಸಿದ್ರು ಕುರಿಗೆ ಇದನ್ನ?" ಎಂದು ಕೇಳಿದ.

ಅಮಸಿದ್ದಪ್ಪ ಕೋಲಿನಿಂದ ಬಸ್ಸು ಕಾಯುತ್ತಿದ್ದ ಮಗಳನ್ನು ತೋರಿಸಿದ. "ಕಲಿಸಿದಾವ ನಾನು. ನನಗ ಕಲಿಸಿದಾಕಿ ಆಕಿ. ಕೋಳಿ ಕಿವಿ ಓದ್ಯಾಳ," ಎಂದು ಗುಡ್ಡಕ್ಕೆ ಕೇಳುವಂತೆ ಕೂಗಿ ಹೇಳಿದ. ಚಹಾದಂಗಡಿಯಲ್ಲಿ ಆ ದಿನ ಯಾರೂ ನಗಲಿಲ್ಲ.